ಸೀಮೆಸುಣ್ಣದ ಕಲ್ಲಿನಲ್ಲಿ ಸಿಕ್ಕ ಬಾರ್ನಕಲ್ ಫಲಕಗಳು: ಕ್ರಿಟೇಶಿಯಸ್ ಮಾದರಿಗಳನ್ನು ಗುರುತಿಸುವ ಬಗ್ಗೆ

ಶಿಲಾಸಕ್ತ, ಪುಣೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ನಾರ್ಫೋಕ್ ಕರಾವಳಿಯಲ್ಲಿ ಬಂಡೆಯಿಂದ ಕುಸಿದು ಬಿದ್ದಿದ್ದ ಸೀಮೆಸುಣ್ಣದ ಕಲ್ಲಿನ ಗಟ್ಟಿಯೊಂದನ್ನು ತಂದುಕೊಟ್ಟಿದ್ದಾನೆ. ಅಲ್ಲಿನ ಸ್ತರವು ಕ್ರಿಟೇಶಿಯಸ್ ಯುಗದ ಕೊನೆಯ ಭಾಗದಲ್ಲಿ ಬರುವ ಕಾಂಪೇನಿಯನ್ ಹಂತದ್ದು, ಅಂದರೆ ಸುಮಾರು 8.4 ಕೋಟಿಯಿಂದ 7.2 ಕೋಟಿ ವರ್ಷಗಳ ಹಿಂದಿನದು. ಗಟ್ಟಿಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಜರಡಿಯಲ್ಲಿ ತೊಳೆದು, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ನೋಡಿದಾಗ ಬಾರ್ನಕಲ್ (ಕಡಲಿನ ಕಲ್ಲು, ದೋಣಿಗಳಿಗೆ ಅಂಟಿಕೊಂಡು ಬದುಕುವ, ಸುಣ್ಣದ ಫಲಕಗಳ ಜೀವಿ) ಫಲಕಗಳೆಂದು ತೋರುವ ನಾಲ್ಕು ಚೂರುಗಳು ಸಿಕ್ಕವು.

ಮೊದಲನೆಯದು ಉದ್ದವಾದ, ಕಿರಿದಾದ, ಬೆನ್ನು ಉಬ್ಬಿದ ಫಲಕ. ನಡುಗೆರೆ ಎಳೆದರೆ ಎಡಬಲಗಳು ಸಮನಾಗಿ ಹೊಂದುತ್ತವೆ. ಎರಡನೆಯದು ತ್ರಿಕೋನಾಕಾರದ್ದು, ಒಳಮೈಯಲ್ಲಿ ಅಂಡಾಕಾರದ ಒಂದು ಕುಳಿ ಇದೆ. ಮೂರನೆಯದು ತೆಳ್ಳಗಿನ ಚತುರ್ಭುಜ. ನಾಲ್ಕನೆಯದೇ ನನ್ನನ್ನು ಕಾಡುತ್ತಿರುವುದು: ದಪ್ಪಗಿದೆ, ಶಂಕುವನ್ನು ಉದ್ದಕ್ಕೆ ಸೀಳಿದ ಅರ್ಧದಂತಿದೆ, ಹೊರಮೈಯಲ್ಲಿ ಒರಟಾದ ಅಡ್ಡಗೆರೆಗಳಿವೆ. ನನ್ನ ಬಳಿಯಿರುವ ಗುರುತಿಸುವ ಕೋಷ್ಟಕದ ಮೊದಲ ಪ್ರಶ್ನೆಯೇ "ತೊಟ್ಟುಳ್ಳ ಜೀವಿಯೋ, ತೊಟ್ಟಿಲ್ಲದ ಜೀವಿಯೋ" ಎಂಬುದು, ಅಂದರೆ ಮೆತ್ತನೆಯ ತೊಟ್ಟಿನ ಮೂಲಕ ಅಂಟಿಕೊಳ್ಳುವುದೋ ನೇರವಾಗಿ ಅಂಟಿಕೊಳ್ಳುವುದೋ ಎಂದು. ಒಂದು ಬಿಡಿ ಫಲಕವನ್ನು ಕೈಯಲ್ಲಿ ಹಿಡಿದು ಆ ಪ್ರಶ್ನೆಗೆ ಉತ್ತರಿಸುವುದು ಹೇಗೆ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಡೊಂಬಿವಲಿ ಮೇಷ್ಟ್ರು

ಶಿಲಾಸಕ್ತರೇ, ಕೋಷ್ಟಕವನ್ನು ಸದ್ಯಕ್ಕೆ ಮುಚ್ಚಿಡಿ. ಆ ಪ್ರಶ್ನೆ ಇಂದಿನ ಕಡಲತೀರದಲ್ಲಿ ಜೀವಂತ ಪ್ರಾಣಿಯನ್ನು ನೋಡುವವರಿಗೆ ಸರಿಯಾದೀತು. ಕ್ರಿಟೇಶಿಯಸ್ ಶಿಲೆಯಲ್ಲಿ ಬಾರ್ನಕಲ್ ಇಡಿಯಾಗಿ ಸಿಗುವುದು ಅಪರೂಪ. ಪ್ರಾಣಿ ಸತ್ತ ಕೂಡಲೇ ಫಲಕಗಳನ್ನು ಹಿಡಿದಿಟ್ಟಿದ್ದ ಚರ್ಮ ಕೊಳೆಯುತ್ತದೆ, ಫಲಕಗಳು ಕಳಚಿ ಕೆಸರಿನಲ್ಲಿ ಚದುರುತ್ತವೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇದು ನಿಜವಾಗಿ ಬಾರ್ನಕಲ್ಲೇ ಎಂಬುದು, ಎರಡನೆಯದು ದೇಹದ ಯಾವ ಜಾಗದ ಫಲಕ ಎಂಬುದು. ಯಾವ ಕುಲ ಎಂಬ ಮಾತು ಆಮೇಲಿನದು.

ಸೀಮೆಸುಣ್ಣದ ಕಲ್ಲಿನಲ್ಲಿ ಕಣ್ಣಿಗೆ ಮೋಸ ಮಾಡುವ ವಸ್ತುಗಳು ಹಲವಿವೆ. ಕಡಲ ಮುಳ್ಳುಚೆಂಡು (ಸೀ ಅರ್ಚಿನ್), ನಕ್ಷತ್ರಮೀನುಗಳ ಫಲಕಗಳು ಮುರಿದರೆ ಒಂದೇ ಹರಳಿನಂತೆ ನುಣುಪಾಗಿ ಸೀಳಿ ಥಳಥಳಿಸುತ್ತವೆ, ಮತ್ತು ಅವುಗಳ ಮೈ ಜಾಲರಿಯಂತಿರುತ್ತದೆ. ಬಾರ್ನಕಲ್ ಫಲಕ ಹಾಗೆ ಸೀಳುವುದಿಲ್ಲ. ಇನೊಸೆರಾಮಸ್ ಎಂಬ ದ್ವಿಕವಾಟಿಯ (ಎರಡು ಚಿಪ್ಪಿನ ಮೃದ್ವಂಗಿಯ) ಚಿಪ್ಪಿನ ಚೂರುಗಳಲ್ಲಿ ನಿಂತ ಕಂಬಗಳಂತಹ ಹರಳುಗಳ ಸಾಲು ಅಂಚಿನಲ್ಲಿ ಕಾಣುತ್ತದೆ. ಅಮೊನೈಟ್‌ಗಳ (ಸುರುಳಿ ಚಿಪ್ಪಿನ, ಈಗ ಅಳಿದ ಕಡಲಜೀವಿಗಳ) ದವಡೆಯ ಭಾಗವಾದ ಆಪ್ಟಿಕಸ್ ಫಲಕಗಳು ತ್ರಿಕೋನಾಕಾರವಾಗಿದ್ದು ಬೆಳವಣಿಗೆಯ ಗೆರೆಗಳನ್ನೂ ಹೊಂದಿರುವುದರಿಂದ ಇನ್ನಷ್ಟು ಗೊಂದಲ ಹುಟ್ಟಿಸುತ್ತವೆ. ಬಾರ್ನಕಲ್ ಫಲಕದಲ್ಲಿ ದ್ವಿಕವಾಟಿಗಳಂತೆ ಬಿಜಾಗರಿಯ ಹಲ್ಲುಗಳಿಲ್ಲ. ಬೆಳವಣಿಗೆಯ ಗೆರೆಗಳು ಹೊರಮೈಯಲ್ಲಿರುತ್ತವೆ, ಒಳಮೈ ಬಹುಮಟ್ಟಿಗೆ ನುಣುಪು.

ಈ ಎಚ್ಚರಿಕೆ ಹೊಸಬರಿಗೆ ಮಾತ್ರ ಬೇಕಾದದ್ದು ಎಂದು ತಿಳಿಯಬೇಡಿ. ಮಕೇರಿಡಿಯನ್‌ಗಳೆಂಬ, ಪೇಲಿಯೋಜೋಯಿಕ್ ಕಾಲದ ಫಲಕಧಾರಿ ಜೀವಿಗಳನ್ನು ಬಹುಕಾಲ ಬಾರ್ನಕಲ್‌ಗಳ ಪೂರ್ವಜರೆಂದು ಎಣಿಸಲಾಗಿತ್ತು. ಮೃದು ಅಂಗಗಳ ಸಮೇತ ಸಿಕ್ಕ ಮಾದರಿಯೊಂದನ್ನು 2008ರಲ್ಲಿ ವಿವರಿಸಿದಾಗ ಅವು ಕವಚ ತೊಟ್ಟ ವಲಯವಂತ ಹುಳುಗಳೆಂದು ಖಚಿತವಾಯಿತು. ಫಲಕವಿದೆ, ಗೆರೆಯಿದೆ ಎಂಬಷ್ಟಕ್ಕೇ ಹೆಸರಿಟ್ಟರೆ ಆಗುವುದು ಹೀಗೆ.

ನಿಮ್ಮ ಎರಡನೆಯ ಚೂರಿನ ಒಳಮೈಯ ಕುಳಿಯನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ. ಎರಡು ಸ್ಕ್ಯೂಟಮ್ ಫಲಕಗಳನ್ನು ಒಂದರತ್ತ ಒಂದು ಎಳೆದು ಬಾಯನ್ನು ಮುಚ್ಚುವ ಸ್ನಾಯು ಅಂಟಿಕೊಂಡಿದ್ದ ಗುರುತು ಅದು. ಹಾಗಾಗಿ ಆ ಚೂರು ಸ್ಕ್ಯೂಟಮ್.

ಅಲಿಬಾಗ್ ದಾರಿ

ಮೇಷ್ಟ್ರೇ, ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಅಲಿಬಾಗಿನ ತೀರದಲ್ಲಿ ಕರಿಕಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡ, ಒಳಗೆ ಏನೂ ಇಲ್ಲದ ಬಿಳಿಯ ಬಾರ್ನಕಲ್ ಗೂಡುಗಳನ್ನು ನಾನು ಸಂಗ್ರಹಿಸಿದ್ದೇನೆ. ದಖನ್ನಿನ ಆ ಕರಿಕಲ್ಲು ಕ್ರಿಟೇಶಿಯಸ್ ಯುಗದ ಅಂತ್ಯದ್ದು ಎಂದು ಓದಿದ್ದೇನೆ. ಹಾಗಾದರೆ ಇವನ್ನೂ ಅದೇ ಕಾಲದವೆಂದು ಎಣಿಸಬಹುದೇ?

ಡೊಂಬಿವಲಿ ಮೇಷ್ಟ್ರು

ಎಣಿಸಲಾಗದು. ಕಲ್ಲಿನ ವಯಸ್ಸು ಅದರ ಮೇಲೆ ಅಂಟಿದ್ದಕ್ಕೆ ಬರುವುದಿಲ್ಲ. ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅದೂ ಬಹುಪಾಲು ನೆಲದ ಮೇಲೆ. ಮುಂಬೈಯ ವರಳಿಯಲ್ಲಿ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ಸಿಕ್ಕ ಪ್ರಸಿದ್ಧ ಜೀವಾಶ್ಮಗಳು ಕಪ್ಪೆ, ಆಮೆಗಳಂತಹ ಸಿಹಿನೀರಿನ ಜೀವಿಗಳವು. ಮುಂಬೈ, ಪುಣೆಗಳ ಕರಿಕಲ್ಲಿನಲ್ಲಾಗಲಿ ಗೋವೆಯ ಜಂಬಿಟ್ಟಿಗೆ ಕಲ್ಲಿನಲ್ಲಾಗಲಿ ಕ್ರಿಟೇಶಿಯಸ್ ಕಡಲಿನ ಬಾರ್ನಕಲ್ ಹುಡುಕುವುದು ವ್ಯರ್ಥ ಶ್ರಮ. ನಮ್ಮ ದೇಶದಲ್ಲಿ ಆ ಕಾಲದ ಕಡಲಿನ ಸ್ತರಗಳನ್ನು ನೋಡಬೇಕೆಂದರೆ ತಮಿಳುನಾಡಿನ ಅರಿಯಲೂರು, ನರ್ಮದಾ ಕಣಿವೆಯ ಬಾಘ್, ಕಛ್ ಮತ್ತು ಮೇಘಾಲಯದ ಕಡೆಗೆ ಹೋಗಬೇಕು.

ಕಡಲಕರೆ, ವಾಸ್ಕೋ

ಅಲಿಬಾಗಿನವರ ಗೂಡುಗಳ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಗೋಡೆಯ ಒಂದು ಫಲಕವನ್ನು ಬುಡದಿಂದ ಬಿಡಿಸಿ, ಬುಡದ ಅಂಚನ್ನು ಮಸೂರದಲ್ಲಿ ನೋಡಿ. ಅಲ್ಲಿ ಸಾಲಾಗಿ ಸಣ್ಣ ಕೊಳವೆಗಳ ಬಾಯಿ ಕಂಡರೆ, ಗೋಡೆಯಲ್ಲಿ 6 ಫಲಕಗಳಿದ್ದು ಕಲ್ಲಿನ ಮೇಲೆ ಸುಣ್ಣದ ತಳ ಉಳಿದಿದ್ದರೆ, ಅದು ಮುಂಬೈ ಬಂದರಿನಿಂದ ಮುರ್ಮಗೋವಾದವರೆಗೆ ದೋಣಿ, ಕಂಬ, ಸಿಂಪಿಗಳ ಮೇಲೆಲ್ಲ ಕಾಣುವ ಆಂಫಿಬಲನಸ್ ಗುಂಪಿನದು. ಗೋಡೆ ಗಟ್ಟಿಯಾಗಿದ್ದು ಸುಣ್ಣದ ತಳವಿಲ್ಲದಿದ್ದರೆ ಥಾಮಲಸ್ ಇರಬಹುದು. ಗೋಡೆಯೊಳಗೆ ಹೀಗೆ ಕೊಳವೆಗಳಿರುವ ಬಲನಸ್ ಬಳಗದವರು (ತೊಟ್ಟಿಲ್ಲದ ಬಾರ್ನಕಲ್‌ಗಳು) ಸೀನೋಜೋಯಿಕ್, ಅಂದರೆ ಕ್ರಿಟೇಶಿಯಸ್ ನಂತರದ, ಕಾಲದವರು. ಕ್ರಿಟೇಶಿಯಸ್ ಎಂಬ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಅಂತಹ ಫಲಕ ಕಂಡರೆ ಚೀಟಿಯನ್ನೇ ಅನುಮಾನಿಸಬೇಕು.

ಶಿಲಾಸಕ್ತರಿಗೆ ನನ್ನ ಸಲಹೆ ಬೇರೆಯದು. ಪುಸ್ತಕದ ಚಿತ್ರಗಳಿಂದ ಫಲಕಗಳನ್ನು ಕಲಿಯುವುದಕ್ಕಿಂತ ಜೀವಂತ ಬಳಗದ ಫಲಕಗಳನ್ನು ಕೈಯಾರೆ ಬಿಡಿಸಿ ಕಲಿಯುವುದು ಉತ್ತಮ. ಮಳೆಗಾಲದಲ್ಲಿ ಗೋವೆಯ ತೀರಕ್ಕೆ ತೇಲಿಬರುವ ಮರದ ತುಂಡು, ಬಾಟಲಿ, ಬಲೆಯ ಬುರುಡೆಗಳ ಮೇಲೆ ಲೆಪಾಸ್ ಎಂಬ ತೊಟ್ಟುಳ್ಳ ಬಾರ್ನಕಲ್ ಗೊಂಚಲು ಗೊಂಚಲಾಗಿ ಇರುತ್ತದೆ. ಸತ್ತ ಒಂದನ್ನು ಮನೆಯಲ್ಲಿ ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣವನ್ನು ನೀರಿಗೆ ಬೆರೆಸಿ ಅದರಲ್ಲಿ ಹಾಕಿಟ್ಟರೆ ಚರ್ಮವೆಲ್ಲ ಕರಗಿ 5 ಫಲಕಗಳು ತಟ್ಟೆಯ ತಳಕ್ಕೆ ಬೀಳುತ್ತವೆ: ಎರಡು ಸ್ಕ್ಯೂಟಮ್, ಎರಡು ಟರ್ಗಮ್, ಬೆನ್ನಿನ ಕಡೆಯ ಒಂದೇ ಒಂದು ಕ್ಯಾರಿನಾ. ಆ ಐದನ್ನು ಮತ್ತೆ ಜೋಡಿಸಿ ನೋಡಿದವರಿಗೆ ಕ್ಯಾರಿನಾ ಏಕೆ ಎಡಬಲ ಸಮನಾಗಿರುತ್ತದೆ, ಉಳಿದವು ಏಕೆ ವಾರೆಯಾಗಿರುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ಒಂಟಿಯಾಗಿ ಮಧ್ಯರೇಖೆಯ ಮೇಲೆ ಕೂರುವ ಫಲಕ ಮಾತ್ರ ಸಮಪಾರ್ಶ್ವವಾಗಿರಬಲ್ಲದು, ಜೋಡಿಯಾಗಿ ಬರುವುದು ಎಡ ಅಥವಾ ಬಲ ಆಗಲೇಬೇಕು. ನಿಮ್ಮ ಮೊದಲನೆಯ ಚೂರು ಬಹುತೇಕ ಕ್ಯಾರಿನಾ ಎಂದು ಹೇಳುವುದಕ್ಕೆ ಇಷ್ಟೇ ಆಧಾರ ಸಾಕು.

ಆದರೆ ಲೆಪಾಸ್ ಫಲಕವನ್ನು ನಿಮ್ಮ ಚೂರಿನ ಪಕ್ಕದಲ್ಲಿಟ್ಟು ಗೆರೆಗಳನ್ನು ಹೋಲಿಸಿದಾಗ ಒಂದು ವ್ಯತ್ಯಾಸ ಕಾಣಬಹುದು. ಲೆಪಾಸ್‌ನ ಸ್ಕ್ಯೂಟಮ್‌ನಲ್ಲಿ ಬೆಳವಣಿಗೆ ಕೆಳಗಿನ ಮೂಲೆಯಿಂದ ಆರಂಭವಾಗಿ ಮೇಲಕ್ಕೆ ಹರಡಿರುತ್ತದೆ. ನಿಮ್ಮದರಲ್ಲಿ ಹೇಗಿದೆ?

ಶಿಲಾಸಕ್ತ, ಪುಣೆ

ನನ್ನ ಎರಡನೆಯ ಚೂರಿನಲ್ಲಿ ಗೆರೆಗಳು ಮೇಲಿನ ಚೂಪು ತುದಿಯಿಂದ ಹೊರಟು ಕೆಳಗಿನ ಅಂಚಿಗೆ ಸಮಾನಾಂತರವಾಗಿ ಒಂದರ ಕೆಳಗೆ ಒಂದು ಬಂದಿವೆ. ತುದಿಯಿಂದ ಕೆಳಮೂಲೆಯವರೆಗೆ ಒಂದು ಏಣು ಹಾದುಹೋಗಿದ್ದು, ಗೆರೆಗಳು ಆ ಏಣಿನ ಬಳಿ ಥಟ್ಟನೆ ದಿಕ್ಕು ಬದಲಿಸುತ್ತವೆ. ಮೊದಲನೆಯ ಚೂರಿನಲ್ಲೂ ಆರಂಭದ ಬಿಂದು ತುದಿಯಲ್ಲೇ ಇದೆ.

ಪಾಷಾಣ ವಿದ್ಯಾರ್ಥಿನಿ, ಪುಣೆ

ಹಾಗಿದ್ದರೆ ಲೆಪಾಸ್ ಅಲ್ಲ, ತೊಟ್ಟುಳ್ಳ ಬಾರ್ನಕಲ್‌ಗಳ ಇನ್ನೊಂದು ಬಳಗವಾದ ಸ್ಕಾಲ್ಪೆಲ್ಲಿಡ್‌ಗಳ ರೀತಿಯ ಫಲಕ ಎಂಬ ಕಡೆಗೆ ತಕ್ಕಡಿ ವಾಲುತ್ತದೆ. ಕಡಲಕರೆಯವರು ಕೇಳಿದ ಪ್ರಶ್ನೆಯೇ ಈ ವಿಷಯದ ಹೃದಯವಾದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಏಡಿ, ಸೀಗಡಿಗಳ ಬಂಧುವಾದರೂ ಬಾರ್ನಕಲ್ ತನ್ನ ಸುಣ್ಣದ ಫಲಕಗಳನ್ನು ಪೊರೆಯಂತೆ ಕಳಚಿ ಎಸೆಯುವುದಿಲ್ಲ, ಅಂಚಿಗೆ ಹೊಸ ಪದರ ಸೇರಿಸುತ್ತಾ ಹೋಗುತ್ತದೆ. ಮೊಟ್ಟಮೊದಲು ಮೂಡಿದ ಬಿಂದುವನ್ನು ಅಂಬೊ ಎನ್ನುತ್ತೇವೆ. ಪದರಗಳು ಕೆಳಗಿನ ಅಂಚಿಗೆ ಮಾತ್ರ ಸೇರಿದರೆ ಅಂಬೊ ಮೇಲಿನ ತುದಿಯಲ್ಲೇ ಉಳಿಯುತ್ತದೆ. ಮೇಲಕ್ಕೂ ಸೇರತೊಡಗಿದರೆ ಅಂಬೊ ಫಲಕದ ಒಳಕ್ಕೆ ಸರಿದಂತೆ ಕಾಣುತ್ತದೆ. ಆದ್ದರಿಂದ ಮುರಿದ ಚೂರಿನಲ್ಲೂ ಗೆರೆಗಳ ಬಾಗನ್ನು ಹಿಂಬಾಲಿಸಿ ಅಂಬೊ ಎಲ್ಲಿತ್ತು ಎಂದು ಹೇಳಬಹುದು, ಪ್ರಾಣಿ ಯಾವ ದಿಕ್ಕಿಗೆ ಬೆಳೆಯಿತು ಎಂದೂ ಹೇಳಬಹುದು. ಫಲಕದ ಹೊರ ಆಕಾರ ಮರಳಿನಲ್ಲಿ ಉಜ್ಜಿ ಕೆಟ್ಟಿರಬಹುದು, ಆದರೆ ಗೆರೆಗಳು ಉಳಿದಿದ್ದರೆ ಸಾಕ್ಷ್ಯ ಉಳಿದಿದೆ ಎಂದೇ ಅರ್ಥ.

ಆದರೂ ಅಂಬೊ ಒಳಕ್ಕೆ ಸರಿದಿದೆ ಎಂಬ ಒಂದೇ ಕಾರಣಕ್ಕೆ ಎರಡು ಜೀವಿಗಳನ್ನು ಹತ್ತಿರದ ಬಂಧುಗಳೆನ್ನಬಾರದು, ಏಕೆಂದರೆ ಈ ಬದಲಾವಣೆ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಆಗಿದೆ. ಫಲಕ ಎಳೆಯ ಪ್ರಾಣಿಯದೋ ಬೆಳೆದದ್ದೋ ಎಂಬುದನ್ನೂ ನೋಡಬೇಕು.

ಕ್ಯಾರಿನಾದಲ್ಲಿ ನೋಡಬೇಕಾದ್ದು ಅದರ ಅಡ್ಡಕೊಯ್ತ. ಬೆನ್ನಿನ ಚಾವಣಿಯಂತಹ ಭಾಗ, ಅದರಿಂದ ಕೆಳಗಿಳಿಯುವ ಎರಡು ಪಕ್ಕಗಳು, ಕೆಲವು ಕುಲಗಳಲ್ಲಿ ಆ ಪಕ್ಕಗಳಿಗೂ ಒಳಗೆ ಇನ್ನೊಂದು ಜೊತೆ ಅಂಚುಪಟ್ಟಿಗಳು ಇರುತ್ತವೆ. ಚಾವಣಿ ಚಪ್ಪಟೆಯೇ ದುಂಡಗೇ, ಪಕ್ಕಗಳೊಡನೆ ಸೇರುವಲ್ಲಿ ಏಣು ಇದೆಯೇ, ಒಳ ಅಂಚುಪಟ್ಟಿ ತುದಿಯಿಂದ ಎಷ್ಟು ದೂರ ಬಂದಿದೆ ಎಂಬುದರ ಮೇಲೆ ಕ್ರಿಟೇಶಿಯಸ್ ಪ್ರಭೇದಗಳನ್ನು ಬೇರ್ಪಡಿಸುವ ಪದ್ಧತಿಯನ್ನು ಬ್ರಿಟಿಷ್ ಮ್ಯೂಸಿಯಂನ ಥಾಮಸ್ ವಿದರ್ಸ್ ಬೆಳೆಸಿದರು. ಅವರ ಪಟ್ಟಿಯ ಕ್ರಿಟೇಶಿಯಸ್ ಸಂಪುಟ 1935ರಲ್ಲಿ ಬಂತು. ಇಂದಿಗೂ ಮೇಜಿನ ಮೇಲೆ ಅದನ್ನು ತೆರೆದಿಟ್ಟುಕೊಳ್ಳದೆ ಈ ಕೆಲಸ ಸಾಗುವುದಿಲ್ಲ.

ಮಾಟುಂಗಾ ಓದುಗ, ಮುಂಬೈ

ವಿದರ್ಸ್‌ಗಿಂತ ಮೊದಲು ಡಾರ್ವಿನ್ ಇದ್ದಾರಲ್ಲ? 1846ರಿಂದ 1854ರವರೆಗೆ ಸುಮಾರು 8 ವರ್ಷ ಅವರು ಬಾರ್ನಕಲ್‌ಗಳಿಗೇ ಮೀಸಲಿಟ್ಟಿದ್ದರು. ತೊಟ್ಟುಳ್ಳ ಜೀವಾಶ್ಮಗಳ ಗ್ರಂಥ 1851ರಲ್ಲೇ ಬಂದಿತ್ತು. ತೊಟ್ಟುಳ್ಳವು, ತೊಟ್ಟಿಲ್ಲದವು ಎಂಬ ಭೇದ ಅವರಿಗೆ ಸಾಕಾಗಿತ್ತಾದರೆ ನಮಗೇಕೆ ಸಾಲದು? ಹೊಸ ಹೊಸ ಗಣಗಳ ಹೆಸರು ಕಟ್ಟುವುದು ವಿದ್ವಾಂಸರ ಹವ್ಯಾಸವೆಂದು ನನಗೆ ಅನ್ನಿಸುತ್ತದೆ.

ಇದರೊಂದಿಗೆ ಅವರದೇ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ತೊಟ್ಟಿಲ್ಲದ ಬಾರ್ನಕಲ್‌ಗಳು ಕ್ರಿಟೇಶಿಯಸ್ ಕಾಲದಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಸಿಕ್ಕಿರಲೇಬೇಕಿತ್ತು, ಒಂದೂ ಸಿಗದ ಕಾರಣ ಆ ಗುಂಪು ನಂತರದ ಯುಗದ ಆರಂಭದಲ್ಲಿ ಥಟ್ಟನೆ ಹುಟ್ಟಿರಬೇಕು ಎಂದು ಅವರು ಬರೆದಿದ್ದರು. ಜೀವಿಗಳ ಗುಂಪುಗಳು ಥಟ್ಟನೆ ಕಾಣಿಸಿಕೊಳ್ಳುವುದು ಅವರ ಸಿದ್ಧಾಂತಕ್ಕೇ ಮುಳ್ಳಾಗಿತ್ತು. ಆ ಪುಸ್ತಕ ಹೊರಬರುವಷ್ಟರಲ್ಲಿ ಬಾಸ್ಕೆ ಎಂಬ ವಿದ್ವಾಂಸರು ಬೆಲ್ಜಿಯಮ್‌ನ ಸೀಮೆಸುಣ್ಣದಿಂದ ತಾವೇ ತೆಗೆದ ತೊಟ್ಟಿಲ್ಲದ ಬಾರ್ನಕಲ್ ಒಂದರ ಚಿತ್ರವನ್ನು ಅವರಿಗೆ ಕಳುಹಿಸಿದರಂತೆ. 1859ರ 'ಜೀವಿಜಾತಿಗಳ ಉಗಮ' ಗ್ರಂಥದಲ್ಲಿ, ಶಿಲೆಗಳ ದಾಖಲೆ ಎಷ್ಟು ಅಪೂರ್ಣ ಎಂಬುದಕ್ಕೆ ಉದಾಹರಣೆಯಾಗಿ ಡಾರ್ವಿನ್ ಇದನ್ನು ಹೇಳಿಕೊಂಡಿದ್ದಾರೆ.

ಪಾಷಾಣ ವಿದ್ಯಾರ್ಥಿನಿ, ಪುಣೆ

ಓದುಗರೇ, ಆ ಪ್ರಸಂಗಕ್ಕೆ ಒಂದು ಮುಂದಿನ ಭಾಗವಿದೆ, ಮತ್ತು ನಿಮ್ಮ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಡಾರ್ವಿನ್ ಆ ಗ್ರಂಥದ ನಂತರದ ಆವೃತ್ತಿಯಲ್ಲಿ ಇನ್ನೊಂದು ಸಾಕ್ಷ್ಯವನ್ನು ಸೇರಿಸಿದರು: ವುಡ್ವರ್ಡ್ ಎಂಬವರಿಗೆ ಮೇಲಿನ ಸೀಮೆಸುಣ್ಣದ ಸ್ತರದಲ್ಲಿ ಸಿಕ್ಕ ಪೈರ್ಗೋಮಾ. ಪೈರ್ಗೋಮಾ ಎಂಬುದು ಇಂದು ಹವಳಗಳ ಮೇಲೆ ಬದುಕುವ, ತೊಟ್ಟಿಲ್ಲದ ಬಾರ್ನಕಲ್‌ನ ಹೆಸರು. ಆ ಮಾದರಿಯಲ್ಲಿ ಕಂಡದ್ದು ಗೋಡೆಯಂತಹ ದಪ್ಪ ಫಲಕವಾದ್ದರಿಂದ ಆ ಹೆಸರು ಸಹಜವಾಗಿತ್ತು. ಮುಂದೆ ಹೆಚ್ಚು ಪೂರ್ಣವಾದ ಮಾದರಿ ಸಿಕ್ಕಿದಾಗ ಆ ದಪ್ಪ ಫಲಕಗಳ ಬುಡದ ಸುತ್ತ ಮಂಗಳೂರು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲಾಗಿ ಸಣ್ಣ ಫಲಕಗಳು ಕಂಡವು. 1901ರಲ್ಲಿ ವುಡ್ವರ್ಡ್ ಅವರೇ ಅದಕ್ಕೆ ಬ್ರಾಕಿಲೆಪಾಸ್ ಎಂಬ ಹೊಸ ಕುಲವನ್ನು ಕಟ್ಟಿದರು.

ಬ್ರಾಕಿಲೆಪಾಸ್‌ಗೆ ಮೆತ್ತನೆಯ ತೊಟ್ಟು ಇಲ್ಲ. ಹಾಗೆಂದು ಬಲನಸ್‌ನಂತೆ ಒಂದಕ್ಕೊಂದು ಬಿಗಿದ ಫಲಕಗಳ ಗೋಡೆಯೂ ಇಲ್ಲ. ಒಂದು ಕಡೆ ದೊಡ್ಡ ಕ್ಯಾರಿನಾ, ಎದುರಿಗೆ ದೊಡ್ಡ ರಾಸ್ಟ್ರಮ್, ಸುತ್ತ ಪುಟ್ಟ ಫಲಕಗಳ ಸಾಲುಗಳು, ಮೇಲೆ ಮುಚ್ಚಳದಂತೆ ಸ್ಕ್ಯೂಟಮ್, ಟರ್ಗಮ್‌ಗಳು. "ತೊಟ್ಟುಳ್ಳದ್ದೋ ಇಲ್ಲದ್ದೋ" ಎಂಬ ಪ್ರಶ್ನೆಯನ್ನು ಈ ಪ್ರಾಣಿಗೆ ಕೇಳಿದರೆ ಉತ್ತರ ಬರುತ್ತದೆ, ಆದರೆ ಆ ಉತ್ತರದಿಂದ ಬಂಧುತ್ವ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ವಿದರ್ಸ್ 1923ರಲ್ಲಿ ಇದನ್ನು ಪ್ರತ್ಯೇಕ ವಿಭಾಗವಾಗಿಟ್ಟರು.

ಡಾರ್ವಿನ್ನರ ವಿವರಣೆಗಳ ನಿಖರತೆಗೆ ನಾನೂ ತಲೆಬಾಗುತ್ತೇನೆ. ಅವರ ಚಿತ್ರಗಳನ್ನು ನೋಡಿ ಇಂದೂ ಫಲಕ ಹೊಂದಿಸಬಹುದು. ಆದರೆ ತೊಟ್ಟುಳ್ಳವೆಲ್ಲ ಒಂದು ಮನೆತನ ಎಂಬುದನ್ನು ಇಂದಿನ ಅನುವಂಶಿಕ ಅಧ್ಯಯನಗಳೂ ಜೀವಾಶ್ಮಗಳ ಅಧ್ಯಯನವೂ ಒಪ್ಪುವುದಿಲ್ಲ. ತೊಟ್ಟು ಎಂಬುದು ಹಳೆಯ ಸ್ಥಿತಿ. ಅದನ್ನು ಉಳಿಸಿಕೊಂಡವರೆಲ್ಲ ಆ ಕಾರಣಕ್ಕೇ ಒಬ್ಬರಿಗೊಬ್ಬರು ಹತ್ತಿರದವರಾಗುವುದಿಲ್ಲ. 2021ರಲ್ಲಿ ಪ್ರಕಟವಾದ, ಜೀವಂತ ಮತ್ತು ಅಳಿದುಹೋದ ಬಾರ್ನಕಲ್‌ಗಳೆರಡನ್ನೂ ಒಳಗೊಂಡ ವರ್ಗೀಕರಣದಲ್ಲಿ ಹಳೆಯ ತೊಟ್ಟುಳ್ಳ ಗುಂಪು ಒಡೆದು ಕ್ಯಾಲಾಂಟಿಕೊಮಾರ್ಫಾ, ಪೊಲಿಸಿಪೆಡೊಮಾರ್ಫಾ, ಸ್ಕಾಲ್ಪೆಲ್ಲೊಮಾರ್ಫಾ ಮುಂತಾದ ಗಣಗಳಾಗಿವೆ. ಹವ್ಯಾಸಕ್ಕಾಗಿ ಹೆಸರು ಕಟ್ಟಿದ್ದಲ್ಲ ಇದು.

ಡೊಂಬಿವಲಿ ಮೇಷ್ಟ್ರು

ವಿದ್ಯಾರ್ಥಿನಿ ಹೇಳಿದ್ದು ಸರಿಯಾಗಿದೆ. ಶಿಲಾಸಕ್ತರೇ, ಈಗ ನಿಮ್ಮ ನಾಲ್ಕನೆಯ ಚೂರಿಗೆ ಬನ್ನಿ. ಅದರ ಎರಡು ಪಕ್ಕದ ಅಂಚುಗಳನ್ನು ವಾರೆಬೆಳಕಿನಲ್ಲಿ ನೋಡಿ. ಬಲನಸ್ ಬಳಗದ ಗೋಡೆಯ ಫಲಕವಾಗಿದ್ದರೆ ಪಕ್ಕದ ಫಲಕದ ಅಡಿಗೆ ಸೇರಿಕೊಳ್ಳುವ ತೆಳ್ಳನೆಯ ರೆಕ್ಕೆಯಂತಹ ಚಾಚು ಸಾಮಾನ್ಯವಾಗಿ ಒಂದು ಕಡೆಯಾದರೂ ಇರುತ್ತದೆ. ರೆಕ್ಕೆಯಿದ್ದರೆ ಬಿಗಿದ ಗೋಡೆ. ಇಲ್ಲದಿದ್ದರೆ ಬಹುಶಃ ಸಡಿಲವಾಗಿ ಒರಗಿ ನಿಂತ ಫಲಕ.

ಶಿಲಾಸಕ್ತ, ಪುಣೆ

ರೆಕ್ಕೆ ಇಲ್ಲ. ಎರಡೂ ಅಂಚುಗಳು ಮೊಂಡಾಗಿ ಮುಗಿಯುತ್ತವೆ. ಬುಡದ ಕಡೆಗೆ ಹೊರಮೈಯಲ್ಲಿ, ಯಾವುದೋ ಚಿಕ್ಕ ವಸ್ತುಗಳು ಒರಗಿದ್ದಂತೆ ತಗ್ಗಾದ ಗುರುತುಗಳಿವೆ. ಎಡಬಲ ಸಮನಾಗಿದೆ.

ಪಾಷಾಣ ವಿದ್ಯಾರ್ಥಿನಿ, ಪುಣೆ

ಸಮಪಾರ್ಶ್ವ, ದಪ್ಪ, ರೆಕ್ಕೆಯಿಲ್ಲ, ಬುಡದಲ್ಲಿ ಪುಟ್ಟ ಫಲಕಗಳು ಒರಗಿದ ಗುರುತು, ಶಿಲೆ ಕಾಂಪೇನಿಯನ್. ಇಷ್ಟೂ ಸೇರಿದರೆ ಬ್ರಾಕಿಲೆಪಾಸ್ ಎಂದು ಧೈರ್ಯವಾಗಿ ಹೇಳುತ್ತೇನೆ. ಕ್ಯಾರಿನಾವೋ ರಾಸ್ಟ್ರಮೋ ಎಂಬುದನ್ನು ಛಾಯಾಚಿತ್ರ ನೋಡಿ ತೀರ್ಮಾನಿಸೋಣ.

ಇಲ್ಲಿ ಒಂದು ಎಚ್ಚರಿಕೆ. ಹೊರಸಾಲಿನ ಪುಟ್ಟ ಫಲಕಗಳಿವೆ ಎಂದ ಮಾತ್ರಕ್ಕೆ ಬ್ರಾಕಿಲೆಪಾಸ್ ಆಗಿಬಿಡುವುದಿಲ್ಲ. ಆಗ್ನೇಯ ಆಸ್ಟ್ರೇಲಿಯಾದ ತೀರದಲ್ಲಿ ಇಂದಿಗೂ ಬದುಕಿರುವ ಕ್ಯಾಟೊಮೆರಸ್‌ನಲ್ಲಿ ಬಿಗಿದ 8 ಫಲಕಗಳ ಗೋಡೆಯೂ ಇದೆ, ಅದರ ಸುತ್ತ ಪುಟ್ಟ ಫಲಕಗಳ ಸಾಲುಗಳೂ ಇವೆ. ಸ್ವೀಡನ್ನಿನ ದಕ್ಷಿಣ ಭಾಗದ ಕಾಂಪೇನಿಯನ್ ಸ್ತರಗಳಲ್ಲಿ ಸಿಕ್ಕಿರುವ ಪ್ಯಾಕಿಡಯಾಡೆಮಾ, ನಿಜವಾದ ಗೋಡೆಕಟ್ಟಿನ ಬಾರ್ನಕಲ್‌ಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯವುಗಳಲ್ಲಿ ಒಂದು. ಅಲ್ಲಿನ ಈವೋ ಕ್ಲಾಕ್ ಎಂಬ ಸ್ಥಳವು ಕ್ರಿಟೇಶಿಯಸ್ ಕಾಲದ ಬಂಡೆಗಲ್ಲಿನ ಕಡಲತೀರವೇ ಆಗಿತ್ತು. ಅಲೆ ಬಡಿಯುವ ಬಂಡೆಯ ತೀರಗಳು ಶಿಲೆಯಾಗಿ ಉಳಿಯುವುದು ಬಲು ಅಪರೂಪವಾದ್ದರಿಂದ, ಅಂತಹ ತೀರವನ್ನು ಮೆಚ್ಚುವ ಈ ಗುಂಪಿನ ಆರಂಭದ ಇತಿಹಾಸ ನಮಗೆ ಚೂರುಚೂರಾಗಿಯೇ ದೊರೆಯುತ್ತದೆ. ಡಾರ್ವಿನ್ನರಿಗೆ ಒಂದೂ ಸಿಗದೆ ಇದ್ದುದಕ್ಕೆ ಇದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ನಾರ್ಫೋಕಿನ ಸೀಮೆಸುಣ್ಣವೋ ತೀರದಿಂದ ದೂರದ, ಮೆತ್ತನೆಯ ಕೆಸರಿನ ತಳದ್ದು. ಅಲ್ಲಿ ಅಂಟಿಕೊಳ್ಳಲು ಸಿಕ್ಕಿದ್ದು ಚಿಪ್ಪು, ಬೊಂಡಾಸ್‌ನಂತಹ ಅಳಿದ ಜೀವಿಗಳ ಗಟ್ಟಿ ಒಳಭಾಗವಾದ ಬೆಲೆಮ್ನೈಟ್‌ಗಳಂತಹ ಗಟ್ಟಿ ವಸ್ತುಗಳು ಮಾತ್ರ.

ಇದೇ ಕಾಲದ ಇನ್ನೊಂದು ಕವಲೂ ನಿಮ್ಮ ಜರಡಿಯಲ್ಲಿ ಕಾಣಬಹುದು. ವೆರುಕಾ ಬಳಗದಲ್ಲಿ ಒಂದು ಪಕ್ಕದ ಸ್ಕ್ಯೂಟಮ್, ಟರ್ಗಮ್ ಮಾತ್ರ ಮುಚ್ಚಳವಾಗಿ ತೆರೆದುಕೊಳ್ಳುತ್ತವೆ, ಇನ್ನೊಂದು ಪಕ್ಕದವು ಗೋಡೆಯಲ್ಲೇ ಸೇರಿ ಸ್ಥಿರವಾಗಿಬಿಟ್ಟಿರುತ್ತವೆ. ಸೀಮೆಸುಣ್ಣದಲ್ಲಿ ಸಿಗುವ ಪ್ರೊವೆರುಕಾದಲ್ಲಿ ಈ ವಕ್ರತೆಯ ಹಳೆಯ ರೂಪವನ್ನು ಕಾಣುತ್ತೇವೆ. ಹಾಗಾಗಿ ಮಧ್ಯರೇಖೆಯ ಮೇಲೆ ಇರಬೇಕಾದ ಫಲಕವೇ ವಾರೆಯಾಗಿ ಕಂಡರೆ ಅದನ್ನು ಮುರಿದ ಚೂರೆಂದು ಎಸೆಯಬೇಡಿ.

ಕಡಲಕರೆ, ವಾಸ್ಕೋ

ಬ್ರಾಕಿಲೆಪಾಸ್ ಬಳಗ ಅಳಿದೇ ಹೋಯಿತೆಂದು ಓದುಗರು ಭಾವಿಸದಿರಲಿ. ನೈರುತ್ಯ ಪೆಸಿಫಿಕ್‌ನ ಲಾವ್ ಜಲಾನಯನದ ಆಳದಲ್ಲಿ ಬಿಸಿನೀರಿನ ಬುಗ್ಗೆಗಳ ಬಳಿ ಸಿಕ್ಕ ಬಾರ್ನಕಲ್ ಒಂದಕ್ಕೆ 1995ರಲ್ಲಿ ನಿಯೊಬ್ರಾಕಿಲೆಪಾಸ್ ಎಂದು ಹೆಸರಿಟ್ಟಿದ್ದಾರೆ. ಅದು ನಿಜವಾದ ಉಳಿಕೆಯೋ, ಆಕಾರದಲ್ಲಿ ಮಾತ್ರ ಹೋಲುವುದೋ ಎಂಬ ಚರ್ಚೆಯನ್ನು ಬೇರೆ ಎಳೆಯಲ್ಲಿ ನಡೆಸೋಣ. ಇಲ್ಲಿ ಎತ್ತಿಕೊಂಡರೆ ಶಿಲಾಸಕ್ತರ ಮೂರನೆಯ ಚೂರನ್ನು ಎಲ್ಲರೂ ಮರೆಯುತ್ತೇವೆ.

ಡೊಂಬಿವಲಿ ಮೇಷ್ಟ್ರು

ಮೂರನೆಯದು ಟರ್ಗಮ್ ಇರಬೇಕು. ಚತುರ್ಭುಜ, ತೆಳು, ಸ್ನಾಯುವಿನ ಕುಳಿ ಇಲ್ಲ. ತುದಿಯಿಂದ ಎದುರಿನ ಕೆಳಮೂಲೆಗೆ ಏಣು ಇದೆಯೇ ಎಂದು ನೋಡಿ, ಇದ್ದರೆ ಅನುಮಾನ ಬೇಡ. ಟರ್ಗಮ್‌ನಿಂದ ಮಾತ್ರ ಕುಲವನ್ನು ಹೇಳುವ ಸಾಹಸಕ್ಕೆ ನಾನು ಇಳಿಯುವುದಿಲ್ಲ.

ಮುಂದಿನ ಗಟ್ಟಿಗೆ ತಯಾರಿಯ ವಿಷಯ. ಬರಿಯ ನೀರಿನಲ್ಲಿ ನೆನೆಸಿದರೆ ಗಡುಸಾದ ಸೀಮೆಸುಣ್ಣ ಬಿಡುವುದಿಲ್ಲ, ಕುಟ್ಟಿದರೆ ಫಲಕಗಳು ಪುಡಿಯಾಗುತ್ತವೆ. ಚೆನ್ನಾಗಿ ಒಣಗಿಸಿದ ಕಲ್ಲನ್ನು ಸೋಡಿಯಂ ಸಲ್ಫೇಟಿನ ಬಿಸಿಯಾದ ಸಾಂದ್ರ ದ್ರಾವಣದಲ್ಲಿ ಮುಳುಗಿಸಿ, ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ, ಇದನ್ನೇ ಹಲವು ಸಲ ಮಾಡಿದರೆ ಲವಣದ ಹರಳುಗಳು ಕಲ್ಲಿನ ರಂಧ್ರಗಳಲ್ಲಿ ಬೆಳೆದು ಒಳಗಿನಿಂದಲೇ ಅದನ್ನು ಬಿರಿಸುತ್ತವೆ. ನಂತರ ಬಿಸಿನೀರಿನಲ್ಲಿ ತೊಳೆದು ಅರ್ಧ ಮಿಲಿಮೀಟರಿನ ಜರಡಿಯಲ್ಲಿ ಸೋಸಿ. ಜರಡಿ, ಲವಣ ಎರಡೂ ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯವರ ಅಡುಗೆಯ ಫ್ರಿಜ್ಜಿಗೆ ಕೈ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ವಿನಿಗರ್ ಅಥವಾ ಯಾವುದೇ ಆಮ್ಲವನ್ನು ಹತ್ತಿರಕ್ಕೂ ತರಬೇಡಿ: ಕಲ್ಲೂ ಕ್ಯಾಲ್ಸೈಟ್, ಫಲಕವೂ ಕ್ಯಾಲ್ಸೈಟ್, ಎರಡೂ ಒಟ್ಟಿಗೇ ಕರಗುತ್ತವೆ. ಅರಗೊನೈಟ್‌ನಿಂದಾದ ಎಷ್ಟೋ ಚಿಪ್ಪುಗಳು ಸೀಮೆಸುಣ್ಣದಲ್ಲಿ ಕರಗಿ ಮಾಯವಾಗಿದ್ದರೂ ಬಾರ್ನಕಲ್ ಫಲಕ ಉಳಿದಿರುವುದು ಅದು ಕ್ಯಾಲ್ಸೈಟ್ ಆಗಿರುವ ಪುಣ್ಯದಿಂದ.

ಅಲಿಬಾಗ್ ದಾರಿ

ಇಡಿಯಾದ ಕ್ರಿಟೇಶಿಯಸ್ ಬಾರ್ನಕಲ್ ಎಲ್ಲಿಯೂ ಸಿಕ್ಕಿಲ್ಲವೇ?

ಪಾಷಾಣ ವಿದ್ಯಾರ್ಥಿನಿ, ಪುಣೆ

ಸಿಕ್ಕಿದೆ. ಸ್ಟ್ರಾಮೆಂಟಮ್ ಎಂಬ ಕುಲವನ್ನು ನೋಡಿ. ತೊಟ್ಟಿನ ಮೇಲೆಲ್ಲ ಅಗಲವಾದ ಫಲಕಗಳು ಲಂಬ ಸಾಲುಗಳಲ್ಲಿ ಹೊಂದಿಕೊಂಡಿದ್ದರಿಂದ ದೇಹ ಚಪ್ಪಟೆಯಾಗಿ ಒತ್ತಿದರೂ ಚದುರಲಿಲ್ಲ. ಅಮೊನೈಟ್ ಚಿಪ್ಪುಗಳಿಗೆ ಅಂಟಿಕೊಂಡ ಮಾದರಿಗಳೂ ಇವೆ. 1843ರಲ್ಲಿ ಇಂಗ್ಲೆಂಡಿನ ಮಾದರಿಗೆ ಲೊರಿಕುಲಾ ಎಂದು ಹೆಸರಿಡಲಾಗಿತ್ತು. ಆ ಹೆಸರು ಬೇರೆ ಪ್ರಾಣಿಗೆ ಮೊದಲೇ ಸಂದಿದ್ದರಿಂದ 1897ರಲ್ಲಿ ಬಂದ ಸ್ಟ್ರಾಮೆಂಟಮ್ ಉಳಿಯಿತು. ಹಳೆಯ ಪುಸ್ತಕ ಓದುವಾಗ ಎರಡೂ ಒಂದೇ ಎಂದು ತಿಳಿದುಕೊಳ್ಳಬೇಕು.

ಡೊಂಬಿವಲಿ ಮೇಷ್ಟ್ರು

ಫಲಕವೇ ಇಲ್ಲದೆ ಬಾರ್ನಕಲ್ ಇದ್ದುದಕ್ಕೆ ಸಾಕ್ಷಿ ಸಿಗುವುದೂ ಉಂಟು. ಅರಿಯಲೂರು ಸೀಮೆಯ ಕಾರೈನಲ್ಲಿ ಮಣ್ಣು ಕೊಚ್ಚಿ ಹೋದ ದಿಬ್ಬಗಳ ಮೇಲೆ ಬೆಲೆಮ್ನೈಟ್‌ಗಳು ಹೇರಳವಾಗಿ ಸಿಗುತ್ತವೆ. ನನ್ನ ಬಳಿಯ ಒಂದು ತುಂಡಿನ ಮೈಮೇಲೆ ಉಗುರಿನಿಂದ ಗೀರಿದಂತಹ, ಒಂದು ಕೊನೆ ದುಂಡಗೆ ಮತ್ತೊಂದು ಕೊನೆ ಸಪೂರವಾದ ಪುಟ್ಟ ಸೀಳುಗಳಿವೆ. ಚಿಪ್ಪನ್ನು ಕೊರೆದು ಒಳಗೆ ವಾಸಿಸುವ, ತಮ್ಮದೇ ಸುಣ್ಣದ ಗೋಡೆಯಿಲ್ಲದ ಅಕ್ರೊಥೊರಾಸಿಕಾ ಎಂಬ ಬಾರ್ನಕಲ್‌ಗಳ ಗೂಡಿನ ಬಾಯಿ ಹೀಗಿರುತ್ತದೆ. ಇಂತಹ ಗುರುತಿಗೆ ರೋಜೆರೆಲ್ಲಾ ಎಂಬ ಪ್ರತ್ಯೇಕ ಹೆಸರಿದೆ. ಆ ಹೆಸರು ತೂತಿಗೆ ಸೇರಿದ್ದೇ ಹೊರತು ಪ್ರಾಣಿಗಲ್ಲ ಎಂಬುದನ್ನು ಚೀಟಿ ಬರೆಯುವಾಗ ಮರೆಯಬಾರದು. ದುಂಡನೆಯ ತೂತುಗಳು ಸ್ಪಂಜು, ಹುಳುಗಳ ಕೆಲಸವಿರಬಹುದು.

ಶಿಲಾಸಕ್ತ, ಪುಣೆ

ಎಲ್ಲರಿಗೂ ಕೃತಜ್ಞತೆಗಳು. ಛಾಯಾಚಿತ್ರಗಳನ್ನು ಏರಿಸಿದ್ದೇನೆ: ಪ್ರತಿ ಫಲಕದ ಹೊರಮೈ, ಒಳಮೈ, ಪಕ್ಕನೋಟ, ಬೆಳಕು ಮೇಲಿನ ಎಡಮೂಲೆಯಿಂದ. ಮೂರನೆಯದರಲ್ಲಿ ಏಣು ಇದೆ. ಇನ್ನು ಚೀಟಿಯ ಪ್ರಶ್ನೆ. ಕ್ಯಾರಿನಾ ಮತ್ತು ಸ್ಕ್ಯೂಟಮ್ ಎರಡನ್ನೂ ಸ್ಕಾಲ್ಪೆಲ್ಲಿಡ್ ಬಳಗದ ಆರ್ಕೋಸ್ಕಾಲ್ಪೆಲ್ಲಮ್ ಕುಲದವೆಂದು ಬರೆದು, ಒಂದೇ ಪ್ರಾಣಿಯದೆಂದು ಒಂದೇ ಸಂಖ್ಯೆ ಕೊಡಬಹುದೇ?

ಪಾಷಾಣ ವಿದ್ಯಾರ್ಥಿನಿ, ಪುಣೆ

ಒಂದೇ ಸಂಖ್ಯೆ ಬೇಡ. ಒಂದು ಪ್ರಾಣಿಯಲ್ಲಿ ಕ್ಯಾರಿನಾ ಒಂದು, ಸ್ಕ್ಯೂಟಮ್ ಎರಡು. ಆದರೆ ಒಂದೇ ಗಟ್ಟಿಯೊಳಗೆ ಹಲವು ಪ್ರಾಣಿಗಳ, ಹಲವು ಪ್ರಭೇದಗಳ ಫಲಕಗಳು ಬೆರೆತಿರುತ್ತವೆ. ಅಂಟಿಕೊಂಡೇ ಸಿಕ್ಕ ಫಲಕಗಳನ್ನು ಮಾತ್ರ ಒಂದೇ ಪ್ರಾಣಿಯವೆನ್ನಬೇಕು. ನಿಮ್ಮ ಚಿತ್ರದಲ್ಲಿ ಕ್ಯಾರಿನಾದ ಚಾವಣಿ ಮತ್ತು ಪಕ್ಕಗಳ ನಡುವಿನ ಏಣು, ಒಳ ಅಂಚುಪಟ್ಟಿ ಎರಡೂ ಸ್ಪಷ್ಟವಾಗಿ ಕಾಣುವುದರಿಂದ ಅದಕ್ಕೆ "ಆರ್ಕೋಸ್ಕಾಲ್ಪೆಲ್ಲಮ್ ಹೋಲುವ ಕುಲ, ಕ್ಯಾರಿನಾ" ಎಂದು ಬರೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಸ್ಕ್ಯೂಟಮ್‌ಗೆ ಸ್ಕಾಲ್ಪೆಲ್ಲಿಡ್ ಬಳಗ ಎಂಬಲ್ಲಿಗೆ ನಿಲ್ಲಿಸಿ.

ಡೊಂಬಿವಲಿ ಮೇಷ್ಟ್ರು

ನಾನು ಸ್ಕ್ಯೂಟಮ್‌ಗೂ ಅದೇ ಕುಲದ ಹೆಸರನ್ನು ಬರೆಯುತ್ತಿದ್ದೆ, ವಿದ್ಯಾರ್ಥಿನಿಯ ಕಟ್ಟುನಿಟ್ಟು ನನಗಿಂತ ಒಂದು ಕೈ ಮೇಲು. ಹೊಸ ಪದ್ಧತಿ ಅದೇ ಆಗಿರಲಿ. ನಾಲ್ಕನೆಯ ಚೂರಿನ ಚಿತ್ರ ನೋಡಿದೆ. ಅಗಲ ಹೆಚ್ಚು, ಎತ್ತರ ಕಡಿಮೆ, ಆದ್ದರಿಂದ ನನ್ನ ಮತ ರಾಸ್ಟ್ರಮ್ ಕಡೆಗೆ. ವಿದರ್ಸ್ ಅವರ ಚಿತ್ರಫಲಕಗಳೊಂದಿಗೆ ಹೋಲಿಸುವ ತನಕ "ಬ್ರಾಕಿಲೆಪಾಸ್, ಪ್ರಭೇದ ನಿರ್ಧರಿಸಿಲ್ಲ" ಎಂದಷ್ಟೇ ಬರೆದಿಡಿ. ಚೀಟಿಯಲ್ಲಿ ಹೆಸರಿಗಿಂತ ಮೊದಲು ಸ್ಥಳ, ಸ್ತರ, ಗಟ್ಟಿ ಬಂಡೆಯಲ್ಲೇ ಇತ್ತೇ ಕುಸಿದು ಬಿದ್ದಿತ್ತೇ ಎಂಬ ವಿವರ ಇರಲಿ. ಹೆಸರನ್ನು ಮುಂದೆ ಯಾರು ಬೇಕಾದರೂ ತಿದ್ದಬಹುದು, ಸ್ಥಳವನ್ನು ನಿಮ್ಮ ತಮ್ಮನ ಹೊರತು ಬೇರೆ ಯಾರೂ ಹೇಳಲಾರರು. ಅವನಿಗೆ ಇಂದೇ ಕರೆ ಮಾಡಿ ಬರೆದುಕೊಳ್ಳಿ.